ಸೈಕಲ್ಲಿನ ಮೇಲೆ ಸೂಳೆಕೆರೆ ಸೀಮೆ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿಗೆ ಎದುರಾಗಿ ಒಂದು ಹಳೆಯ ಕಲ್ಲಿನ ಕಟ್ಟಡವಿದೆ. ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇವೆರಡನ್ನೂ ಸೇರಿಸಿ ‘ಮುಸಾಫಿರ್‌ಖಾನಾ ಮತ್ತು ಹೊಂಡ’ ಎಂದು ನಮೂದಿಸಲಾಗಿದೆ. ಮುಸಾಫಿರ ಎಂದರೆ ದಾರಿಹೋಕ. ಮುಸಾಫಿರ್‌ಖಾನಾ ಎಂದರೆ ದಾರಿಹೋಕರು ಗಂಟುಮೂಟೆ ಇಳಿಸಿ, ಕೈಕಾಲು ತೊಳೆದು, ರಾತ್ರಿ ಕಳೆಯುವ ತಾಣ. ಇಂದು ಅಲ್ಲಿ ಯಾರೂ ತಂಗುವುದಿಲ್ಲ. ಆದರೆ ಹೆಸರು ಉಳಿದಿದೆ. ಹೆಸರಿನ ಜೊತೆಗೆ, ಈ ದಾರಿಯಲ್ಲಿ ಒಂದು ಕಾಲಕ್ಕೆ ಜನ ನಿಧಾನವಾಗಿ, ಊರಿಂದೂರಿಗೆ ತಂಗುತ್ತ ಹೋಗುತ್ತಿದ್ದರೆಂಬ ನೆನಪೂ ಉಳಿದಿದೆ.

ಆ ನಿಧಾನದ ಪ್ರಯಾಣಕ್ಕೆ ಪಶ್ಚಿಮದ ದೇಶಗಳಲ್ಲಿ ಈಗ ಬಲು ಬೇಡಿಕೆ. ಫ್ರಾನ್ಸಿನ ಲೋಯ್ರ್ ನದಿಯ ದಂಡೆಯಲ್ಲಿ, ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜನ ಸೈಕಲ್ ಹತ್ತಿ, ಕೈಯಲ್ಲೊಂದು ನಕಾಶೆ ಹಿಡಿದು, ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ತುಳಿದು, ರಾತ್ರಿ ಒಂದು ಪುರಾತನ ಛತ್ರದಲ್ಲೋ ಹಳೆಯ ಕೋಟೆಮನೆಯಲ್ಲೋ ತಂಗುತ್ತಾರೆ. ದಾರಿ ತೋರಿಸುವ ಗೈಡ್ ಇರುವುದಿಲ್ಲ. ಸಾಮಾನನ್ನು ಮಾತ್ರ ಹಣ ಪಡೆದ ಸಂಸ್ಥೆಯವರು ಮುಂದಿನ ತಂಗುದಾಣಕ್ಕೆ ಮುಟ್ಟಿಸಿರುತ್ತಾರೆ. ಇದು ಹೊಸ ಹುಚ್ಚೇನೂ ಅಲ್ಲ. 1878ರಲ್ಲಿಯೇ ಬ್ರಿಟನ್ನಿನ ಸೈಕಲ್ ಸವಾರರು ಒಂದು ಪ್ರವಾಸಿ ಸಂಘ ಕಟ್ಟಿಕೊಂಡಿದ್ದರು. ಸವಾರರನ್ನು ಚೆನ್ನಾಗಿ ನೋಡಿಕೊಳ್ಳುವ ತಂಗುಮನೆಗಳ ಗೋಡೆಯ ಮೇಲೆ ಆ ಸಂಘದ ಗುರುತಾದ ರೆಕ್ಕೆಯ ಚಕ್ರವನ್ನು ತೂಗುಹಾಕುತ್ತಿದ್ದರು.

ನಮ್ಮಲ್ಲಿ ಇಂಥ ವ್ಯವಸ್ಥೆ ಇಲ್ಲ ಎನ್ನುವುದು ಅರ್ಧ ನಿಜ. ಛತ್ರಗಳು, ಮಠಗಳು, ಮುಸಾಫಿರ್‌ಖಾನೆಗಳು, ಆಮೇಲೆ ಬಂದ ಪ್ರವಾಸಿ ಮಂದಿರಗಳು ಎಲ್ಲವೂ ಇಂಥ ಪ್ರಯಾಣಕ್ಕೇ ಹುಟ್ಟಿದವು. ಹಳೆಯ ಮೈಸೂರು ಸಂಸ್ಥಾನದ ಅಧಿಕಾರಿಗಳು ಜಮಾಬಂದಿಗೆಂದು ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಸುತ್ತುತ್ತಿದ್ದ ಕಾಲದಲ್ಲಿ, ಒಂದು ದಿನದ ಪಯಣಕ್ಕೊಂದು ಎಂಬ ಲೆಕ್ಕದಲ್ಲಿ ಈ ಬಂಗಲೆಗಳು ಎದ್ದವು. ಕುದುರೆ ಸುಸ್ತಾಗದೆ ನಡೆಯುವ ದೂರವೂ ಸಾಧಾರಣ ಸೈಕಲ್ ಸವಾರ ಸುಸ್ತಾಗದೆ ತುಳಿಯುವ ದೂರವೂ ಹೆಚ್ಚುಕಡಮೆ ಒಂದೇ. ಮೋಟಾರು ಬಂದ ಮೇಲೆ ಈ ಅಳತೆ ನಮಗೆ ಮರೆತುಹೋಯಿತು ಅಷ್ಟೆ.

ದಾವಣಗೆರೆಯಿಂದ ಹೊರಟು ಸಂತೇಬೆನ್ನೂರು, ಸೂಳೆಕೆರೆ, ಚನ್ನಗಿರಿ, ಬಸವಾಪಟ್ಟಣ, ಹೊನ್ನಾಳಿ, ಮಲೇಬೆನ್ನೂರು, ಹರಿಹರಗಳನ್ನು ಮುಟ್ಟಿ ಮರಳುವ ಸುತ್ತು ಈ ಅಳತೆಗೆ ಹೇಳಿ ಮಾಡಿಸಿದಂತಿದೆ. ಒಟ್ಟು ನೂರ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ನಾಲ್ಕು ದಿನ, ಮೂರು ರಾತ್ರಿ. ಕಡಿದಾದ ಘಾಟಿಯಿಲ್ಲ. ಕಳೆದ ಡಿಸೆಂಬರಿನಲ್ಲಿ ದಾವಣಗೆರೆಯ ಅಕ್ಕಿ ಗಿರಣಿಯೊಂದರ ಗುಮಾಸ್ತರೊಬ್ಬರು ಮತ್ತು ಅವರ ಮೊದಲ ಪಿಯುಸಿ ಓದುವ ಮಗಳು ಈ ಸುತ್ತನ್ನು ಮುಗಿಸಿ ಬಂದರು. ಮಗಳು ಏರಿದ್ದು ಅಕ್ಕನಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್. ಅಪ್ಪನದು ಗಿರಣಿಗೆ ದಿನವೂ ಹೋಗಿಬರುವ ಕಪ್ಪು ಸೈಕಲ್. ಎರಡಕ್ಕೂ ಗೇರಿಲ್ಲ.

ಹೊರಡುವ ಮೊದಲು ಮನೆಯಲ್ಲಿ ಸಾಕಷ್ಟು ಮಾತಾಯಿತಂತೆ. ಹುಡುಗಿಯ ಮೂಲ ಯೋಜನೆ ಮೂವರು ಗೆಳತಿಯರೊಡನೆ ಹೋಗುವುದು. ನಾಲ್ಕೂ ಮನೆಗಳಲ್ಲಿ ಉತ್ತರ ಒಂದೇ ಬಂತು. ಕೊನೆಗೆ ಉಳಿದದ್ದು ಅವಳು ಮತ್ತು ರಜೆ ಹಾಕಲು ಒಪ್ಪಿದ ಅವಳ ಅಪ್ಪ. ತಾಯಿ ಹಾಕಿದ ಷರತ್ತುಗಳು ಎರಡು: ಪ್ರತಿ ಊರು ಮುಟ್ಟಿದ ಕೂಡಲೇ ಫೋನ್ ಮಾಡಬೇಕು, ಕತ್ತಲಾದ ಮೇಲೆ ರಸ್ತೆಯಲ್ಲಿರಬಾರದು. ಎರಡನೆಯ ಷರತ್ತು ಯಾವ ಸವಾರನಿಗಾದರೂ ಒಳ್ಳೆಯದೇ.

ಹುಡುಗಿ ಹಿಂದಿನ ದಿನವೇ ಒಂದು ಲೆಕ್ಕ ಮಾಡಿಟ್ಟಿದ್ದಳು. ಸೈಕಲ್ಲಿನ ಪೆಡಲಿಗೆ ಸೇರಿದ ದೊಡ್ಡ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡೂವರೆಗೆ ತುಸು ಕಡಮೆ ಸುತ್ತು ಬರುತ್ತದೆ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಅಂಗಳದಲ್ಲಿ ಉರುಳಿಸಿ ನೋಡಿದರೆ ಗಾಲಿಯ ಒಂದು ಸುತ್ತಿಗೆ 2 ಮೀಟರ್ 10 ಸೆಂಟಿಮೀಟರ್. ಪೆಡಲಿನ ಒಂದು ಸುತ್ತಿಗೆ ಐದು ಮೀಟರ್ ಚಿಲ್ಲರೆ ದೂರ. ಸಂತೇಬೆನ್ನೂರಿಗೆ 38 ಕಿಲೋಮೀಟರ್ ಎಂದಿಟ್ಟುಕೊಂಡರೆ ಸುಮಾರು 7,400 ಸುತ್ತು ತುಳಿಯಬೇಕು. “ಅಷ್ಟೇನಾ?” ಎಂದರಂತೆ ಅಪ್ಪ. ಇಪ್ಪತ್ತನೆಯ ಕಿಲೋಮೀಟರಿನ ಹೊತ್ತಿಗೆ ಅವರು ಮಾತು ಬದಲಿಸಿದ್ದರು. ಎದುರುಗಾಳಿ ಇದ್ದಾಗ ಲೆಕ್ಕ ಬದಲಾಗುವುದಿಲ್ಲ, ಸುತ್ತುಗಳ ಭಾರ ಬದಲಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎದುರುಗಾಳಿಯಲ್ಲಿ ಹಟ ಹಿಡಿದು ವೇಗ ಉಳಿಸಿಕೊಳ್ಳಲು ಹೋಗುವವನು ಬೇಗ ಸೋಲುತ್ತಾನೆ. ನಿಧಾನಿಸಿದವನು ಊರು ಮುಟ್ಟುತ್ತಾನೆ.

ದಾವಣಗೆರೆಯಿಂದ ದಕ್ಷಿಣದ ಈ ಬಯಲು ನೋಡಿದವರಿಗೆ ಇದು ಹಿಂದೆ ಜೋಳ, ರಾಗಿ, ಹತ್ತಿಯ ಸೀಮೆಯಾಗಿತ್ತು ಎಂದರೆ ನಂಬುವುದು ಕಷ್ಟ. ಭದ್ರಾ ಜಲಾಶಯದ ಬಲದಂಡೆ ನಾಲೆ ಬಂದ ಮೇಲೆ ಕಣ್ಣು ಹಾಯಿಸಿದಷ್ಟು ದೂರ ಭತ್ತ, ಈಚಿನ ವರ್ಷಗಳಲ್ಲಿ ಭತ್ತವನ್ನು ಹಿಂದೆ ಸರಿಸಿ ಅಡಿಕೆ. ಡಿಸೆಂಬರಿನಲ್ಲಿ ಕೆಲವು ಗದ್ದೆಗಳಲ್ಲಿ ಕೊಯ್ಲು ಮುಗಿದು ಹುಲ್ಲಿನ ಬಣವೆಗಳು ಎದ್ದಿರುತ್ತವೆ. ದಾರಿಬದಿಯ ಊರುಗಳಲ್ಲಿ ಅಡಿಕೆ ಬೇಯಿಸುವ ಹಂಡೆಗಳಿಂದ ಒಂದು ಬಗೆಯ ಒಗರು ವಾಸನೆ ಬರುತ್ತದೆ. ಸುಲಿದ ಹಸಿ ಅಡಿಕೆಯನ್ನು ಚೊಗರಿನ ನೀರಿನಲ್ಲಿ ಬೇಯಿಸಿ ಕಣದಲ್ಲಿ ಹರಡುತ್ತಾರೆ. ಕೆಂಪಗಿನ ಆ ಕಣಗಳನ್ನು ನೋಡುತ್ತ ಸೈಕಲ್ ತುಳಿಯುವುದೇ ಒಂದು ಸಂತೋಷ. ಎಷ್ಟೋ ತೋಟಗಳ ಫಸಲನ್ನು ಖೇಣಿದಾರರು ಮರದ ಮೇಲಿರುವಾಗಲೇ ಹಿಡಿದಿರುತ್ತಾರೆ. ಚನ್ನಗಿರಿಯ ತುಮ್ಕೋಸ್ ಸಹಕಾರ ಸಂಘದ ಹೆಸರು ಕೇಳದ ಅಡಿಕೆ ಬೆಳೆಗಾರ ಈ ಭಾಗದಲ್ಲಿ ಇರಲಾರ.

ಸಂತೇಬೆನ್ನೂರಿನ ಪುಷ್ಕರಣಿಯನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕು. 16ನೆಯ ಶತಮಾನದಲ್ಲಿ ಇಲ್ಲಿನ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ ಇದು. ನಾಲ್ಕೂ ಕಡೆ ಅಚ್ಚುಕಟ್ಟಾದ ಮೆಟ್ಟಿಲುಗಳು, ನೀರಿನ ನಡುವೆ ಹಂತಹಂತವಾಗಿ ಏರುವ ವಸಂತ ಮಂಟಪ, ಸುತ್ತ ದಿಕ್ಕುದಿಕ್ಕಿಗೆ ಚಿಕ್ಕ ಮಂಟಪಗಳು. ಎಂಟು ದಿಕ್ಕಿಗೆ ಎಂಟಿದ್ದುವು, ಈಗ ಎಲ್ಲವೂ ಉಳಿದಿಲ್ಲ. 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಾಳಿಯಲ್ಲಿ ಇಲ್ಲಿನ ದೇವಾಲಯ ನಾಶವಾಯಿತೆಂದೂ ಮುಸಾಫಿರ್‌ಖಾನೆ ಆ ಬಳಿಕದ್ದೆಂದೂ ಹೇಳುತ್ತಾರೆ. ಜಗಳದಲ್ಲಿ ಹುಟ್ಟಿದ ಎರಡು ಕಟ್ಟಡಗಳು ಈಗ ಒಂದೇ ಬೇಲಿಯೊಳಗೆ, ಒಂದರ ನೆರಳು ಇನ್ನೊಂದರ ನೀರಿನಲ್ಲಿ ಬೀಳುವಂತೆ ನಿಂತಿವೆ. ಮಂಟಪದ ಗಾರೆಯ ಕೆಲಸದಲ್ಲಿ ಹಿಂದೂ ಶೈಲಿಯೂ ಇಸ್ಲಾಮೀ ಶೈಲಿಯೂ ಕಲೆತಿರುವುದನ್ನು ಹುಡುಗಿ ತಾನೇ ಗುರುತಿಸಿದಳು. ಅಪ್ಪ ಮಗಳು ಆ ರಾತ್ರಿ ತಂಗಿದ್ದು ಊರಿನಲ್ಲಿದ್ದ ದೂರದ ನೆಂಟರ ಮನೆಯಲ್ಲಿ. ರಾತ್ರಿ ರೊಟ್ಟಿ, ಬದನೇಕಾಯಿ ಪಲ್ಯ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ.

ಎರಡನೆಯ ದಿನದ ಹಾದಿ ಪಶ್ಚಿಮಕ್ಕೆ. ಹತ್ತು ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಗುಡ್ಡಗಳ ಸಾಲು ಹತ್ತಿರವಾಗುತ್ತದೆ. ಮುಂದೆ ಒಮ್ಮೆಲೇ ರಸ್ತೆ ಕೆರೆಯ ಏರಿಯ ಮೇಲೆ ಹಾಯುತ್ತದೆ. ಒಂದು ಪಕ್ಕಕ್ಕೆ ಕಣ್ಣಿಗೆ ದಡ ಕಾಣದಷ್ಟು ನೀರು, ಇನ್ನೊಂದು ಪಕ್ಕಕ್ಕೆ ಕೆಳಗೆ ಹಸಿರು ಕಣಿವೆ. ಮಗಳು ಸೈಕಲ್ ನಿಲ್ಲಿಸಿ ಕೆಲಹೊತ್ತು ಸುಮ್ಮನೆ ನಿಂತಳಂತೆ. ಬಸ್ಸಿನ ಕಿಟಕಿಯಿಂದ ಎರಡು ನಿಮಿಷದಲ್ಲಿ ಕಳೆದುಹೋಗುವ ಈ ನೋಟ ಸೈಕಲ್ ಸವಾರನಿಗೆ ಬೇಕಾದಷ್ಟು ಹೊತ್ತು ದಕ್ಕುತ್ತದೆ.

ಕೆರೆ ತುಂಬಿದಾಗ ಅದರ ವಿಸ್ತೀರ್ಣ 2,651 ಹೆಕ್ಟೇರ್, ಅಂದರೆ ಸುಮಾರು 6,550 ಎಕರೆ. ಜಲಾನಯನ ಪ್ರದೇಶ 330 ಚದರ ಕಿಲೋಮೀಟರಿಗೆ ಸಮೀಪ. ‘ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ’ ಎಂದು ಎಲ್ಲರೂ ಹೇಳುತ್ತಾರೆ, ಪಠ್ಯಪುಸ್ತಕದಂತೆ ಮಕ್ಕಳೂ ಒಪ್ಪಿಸುತ್ತಾರೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಹೇಳಿರುವುದು ಇದಕ್ಕಿಂತ ಎಚ್ಚರದ ಮಾತು: ಮೈಸೂರು ಸಂಸ್ಥಾನದಲ್ಲಿ ಇದೇ ದೊಡ್ಡದು, ದಕ್ಷಿಣ ಭಾರತದಲ್ಲಿ ಆಂಧ್ರದ ಕಂಬಂ ಕೆರೆಯ ನಂತರ ಇದರದೇ ಸ್ಥಾನ. ದಕ್ಷಿಣ ಭಾರತ ಬಾಯಿಂದ ಬಾಯಿಗೆ ಹಬ್ಬಿ ಏಷ್ಯಾ ಆಗಿರಬೇಕು. ಇದರಿಂದ ಕೆರೆಗೇನೂ ಕುಂದಿಲ್ಲ. ಆದರೆ ‘ಏಷ್ಯಾದಲ್ಲಿ ಮೊದಲನೆಯದು ಯಾವುದು ಹಾಗಾದರೆ?’ ಎಂದು ಒಬ್ಬ ವಿದ್ಯಾರ್ಥಿಯಾದರೂ ಕೇಳಬೇಕು. ಸುತ್ತಳತೆಯ ವಿಷಯವೂ ಹಾಗೆಯೇ. ಮೂವತ್ತು ಕಿಲೋಮೀಟರ್ ಎನ್ನುವವರೂ ಇದ್ದಾರೆ, ನಲವತ್ತು ಮೈಲಿ ಎನ್ನುವವರೂ ಇದ್ದಾರೆ. ಇಬ್ಬರನ್ನೂ ಸುಳ್ಳರೆನ್ನಬೇಕಾಗಿಲ್ಲ. ಅಂಕುಡೊಂಕಾದ ದಂಡೆಯನ್ನು ಉದ್ದನೆಯ ಸರಪಳಿಯಿಂದ ಅಳೆದರೆ ಒಂದು ಉತ್ತರ, ಪ್ರತಿ ಕೊಲ್ಲಿ, ಪ್ರತಿ ತಿರುವಿನೊಳಗೂ ಇಳಿದು ಅಳೆದರೆ ಇನ್ನೊಂದು ಉತ್ತರ. ನೀರಿನ ಮಟ್ಟ ಒಂದಡಿ ಇಳಿದರೆ ಎರಡೂ ಬದಲಾಗುತ್ತವೆ.

ಇಷ್ಟು ದೊಡ್ಡ ಕೆರೆಗೆ ಏರಿ ಮಾತ್ರ ಅಚ್ಚರಿಯೆನಿಸುವಷ್ಟು ಚಿಕ್ಕದು, ಸಾವಿರ ಅಡಿಯ ಆಸುಪಾಸು. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವೆ ನುಸುಳಿ ಹೋಗುತ್ತಿದ್ದ ಇಕ್ಕಟ್ಟಿನ ಜಾಗವನ್ನು ಹುಡುಕಿ ಅಲ್ಲೇ ಕಟ್ಟೆ ಕಟ್ಟಿದ್ದಾರೆ. ಇಲ್ಲಿ ವಿಜ್ಞಾನದ ಒಂದು ಪಾಠವಿದೆ. ಈ ಚಿಕ್ಕ ಏರಿ ಮೈಲಿಗಟ್ಟಲೆ ಉದ್ದದ ನೀರನ್ನು ಹೇಗೆ ತಡೆದೀತು ಎಂದು ಮಗಳು ಕೇಳಿದಳು. ಉತ್ತರ ಅವಳ ಭೌತವಿಜ್ಞಾನದ ಪುಸ್ತಕದಲ್ಲೇ ಇತ್ತು. ನಿಂತ ನೀರು ಕಟ್ಟೆಯ ಮೇಲೆ ಹೇರುವ ಒತ್ತಡ ಆಳವನ್ನು ಅವಲಂಬಿಸಿದೆಯೇ ಹೊರತು ನೀರು ಹಿಂದಕ್ಕೆ ಎಷ್ಟು ದೂರ ಹಬ್ಬಿದೆ ಎಂಬುದನ್ನಲ್ಲ. ಒಂದು ಮೀಟರ್ ಆಳಕ್ಕೆ ಚದರ ಮೀಟರಿಗೆ ಒಂದು ಟನ್ನು, ಹತ್ತು ಮೀಟರಿಗೆ ಹತ್ತು ಟನ್ನು. ಹಿಂದೆ ಒಂದು ಮೈಲಿ ನೀರಿರಲಿ, ಹತ್ತು ಮೈಲಿ ಇರಲಿ, ಕಟ್ಟೆಯ ಬುಡಕ್ಕೆ ತಿಳಿಯುವುದು ಆಳ ಮಾತ್ರ. ಕಟ್ಟಿದವರು ಇದನ್ನು ಸೂತ್ರವಾಗಿ ಬರೆದಿರಲಿಕ್ಕಿಲ್ಲ. ಆದರೆ ಏರಿಯ ತಳವನ್ನು ಅಷ್ಟು ಅಗಲ ಮಾಡಿರುವುದನ್ನು ನೋಡಿದರೆ ಅವರಿಗೆ ಗೊತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ. ನೀರು ದೂರ ಹಬ್ಬಿರುವುದರಿಂದ ಬರುವ ಅಪಾಯ ಬೇರೆ: ತಡೆಯಿಲ್ಲದ ಬಯಲು ನೀರಿನ ಮೇಲೆ ಗಾಳಿ ಓಡಿದಷ್ಟೂ ಅಲೆಗಳು ದೊಡ್ಡವಾಗಿ ಏರಿಯನ್ನು ಕೆರೆಯುತ್ತವೆ. ನೀರಿನ ಬದಿಗೆ ದಪ್ಪ ಕಲ್ಲುಗಳನ್ನು ಹೊಂದಿಸಿರುವುದು ಅದಕ್ಕೇ.

ಕೆರೆಯ ನೀರು ಸಿದ್ದನಾಲೆ, ಬಸವನಾಲೆ ಎಂಬ ಎರಡು ನಾಲೆಗಳಲ್ಲಿ ಹರಿದು ಸುಮಾರು 4,700 ಎಕರೆಗೆ ಉಣಿಸುತ್ತದೆ. ಇದಲ್ಲದೆ ಕೊಳವೆಗಳ ಮೂಲಕ ಚಿತ್ರದುರ್ಗ, ಜಗಳೂರಿನಂಥ ಬರದ ಊರುಗಳಿಗೆ ಕುಡಿಯುವ ನೀರಾಗಿಯೂ ಹೋಗುತ್ತದೆ.

ಏರಿಯ ಹತ್ತಿರ ಸಿದ್ದೇಶ್ವರನ ಗುಡಿ ಇದೆ. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜನೊಬ್ಬ ಇವರನ್ನು ಮಾತಿಗೆಳೆದ.

“ಯಾವೂರಾತು ನಿಮ್ದು?”

“ದಾವಣಗೆರೆ, ಯಜಮಾನ್ರೆ.”

“ಅಲ್ಲಿಂದ ಸೈಕಲ್ ತುಳ್ಕಂಡು ಬಂದ್ರಾ? ಬಸ್ ಇರ್ಲಿಲ್ವಾ?” ಎಂದವನು ಹುಡುಗಿಯ ಕಡೆ ತಿರುಗಿ, “ಕಾಲು ನೋಯ್ತಾವೇನವ್ವ?” ಎಂದ. ಆಮೇಲೆ ತಾನಾಗಿಯೇ ಶಾಂತವ್ವನ ಕಥೆ ಹೇಳಿದ.

ಕಥೆ ಹತ್ತು ಬಾಯಲ್ಲಿ ಹತ್ತು ರೀತಿ. ಇಲ್ಲಿ ಸ್ವರ್ಗಾವತಿ ಎಂಬ ಪಟ್ಟಣವಿತ್ತು, ವಿಕ್ರಮರಾಯ ಎಂಬ ರಾಜನಿದ್ದ, ಅವನ ಮಗಳು ಶಾಂತವ್ವ. ಆಕೆ ಸಿದ್ದೇಶ್ವರನಿಗೆ ಮನಸೋತಳು. ತಂದೆ ಹೊಲಸು ಮಾತಿನಿಂದ ಹಳಿದ. ಆ ಕಳಂಕ ಕಳೆಯಲೆಂದು ಆಕೆ ಕೆರೆ ಕಟ್ಟಿಸಲು ನಿಂತಳು. ಕೆರೆಗೆ ತಕ್ಕ ಜಾಗ ಸೂಳೆಯರದಾಗಿತ್ತು. ‘ಜಾಗ ಬಿಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರು ಉಳಿಯಬೇಕು’ ಎಂದು ಅವರು ಕೇಳಿದರು. ಆಕೆ ಒಪ್ಪಿದಳು. ತಂದೆಯ ಪಟ್ಟಣ ನೀರಿನಡಿ ಹೋಯಿತು, ಹೆಸರು ನೀರಿನ ಮೇಲೆ ಉಳಿಯಿತು. 1128ರಲ್ಲಿ ಕೆರೆ ಆಯಿತೆಂದು ವಾಡಿಕೆಯ ಲೆಕ್ಕ.

ಸರ್ಕಾರಿ ಕಾಗದದಲ್ಲಿ ಇದು ಶಾಂತಿಸಾಗರ. ಜನರ ಬಾಯಲ್ಲಿ ಸೂಳೆಕೆರೆಯೇ. ಶಾಲಾ ಮಕ್ಕಳನ್ನು ಇಲ್ಲಿಗೆ ಕರೆತರುವ ಹಿರಿಯರಿಗೆ ಈ ಹೆಸರು ಇರಿಸುಮುರಿಸು ತರುವುದುಂಟು. ಮಗಳು, “ಅಪ್ಪಾಜಿ, ಬೋರ್ಡಲ್ಲಿ ಒಂದು ಹೆಸರು, ಜನ ಹೇಳೋದು ಇನ್ನೊಂದು. ಯಾಕೆ?” ಎಂದಾಗ ಅಪ್ಪ ಮೊದಲು ಟೈರಿನ ಗಾಳಿ ಒತ್ತಿ ನೋಡಿದರು. ಅದು ಸರಿಯಾಗಿಯೇ ಇತ್ತು. ಆಮೇಲೆ, “ಜಾಗ ಕೊಟ್ಟೋರ ಹೆಸರು ಜನ ಬಿಟ್ಟಿಲ್ಲ ಮಗಳೆ. ಅವರು ಕೇಳಿದ್ದು ಅದೊಂದೇ” ಎಂದರು. ಇದಕ್ಕಿಂತ ಒಳ್ಳೆಯ ಉತ್ತರ ಪುಸ್ತಕಗಳಲ್ಲಿಯೂ ಸಿಗಲಾರದು. ಈ ಪದ ಇಂದು ಬೈಗುಳವಾಗಿದೆ ನಿಜ. ಆದರೆ ಬಾದಾಮಿಯ ಬಳಿಯ ಮಹಾಕೂಟದ ಶಾಸನವೊಂದು, ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿಯನ್ನು ಇದೇ ಪದದಿಂದ ಗೌರವವಾಗಿ ಕರೆದು, ಆಕೆ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟಳೆಂದು ಬರೆದಿದೆ. ಸೂಳೆಕೆರೆ ಎಂಬ ಹೆಸರನ್ನು ಮಕ್ಕಳೆದುರು ನುಂಗಿಕೊಳ್ಳುವುದಕ್ಕಿಂತ ಅದರ ಕಥೆ ಹೇಳುವುದೇ ಲೇಸು.

ಎಮ್ಮೆ ಮೇಯಿಸುವ ಅಜ್ಜನಿಗೆ ಹೆಸರಿನ ಚಿಂತೆ ಇರಲಿಲ್ಲ. ಅವನ ಚಿಂತೆ ಬೇರೆ. “ಮೊದ್ಲು ಇಷ್ಟು ನೀರಿಗೆ ಆಳ ಇತ್ತು. ಈಗ ನೋಡಾಕೆ ಮಾತ್ರ ಅಗಲ, ಒಳಗೆಲ್ಲ ಮಣ್ಣು” ಎಂದು ಕೋಲಿನಿಂದ ತೋರಿಸಿದ. ಹೂಳಿನ ಜೊತೆಗೆ ಒತ್ತುವರಿಯ ಕಾಟ ಸೇರಿದೆ. ಹಿನ್ನೀರಿನ ಅಂಚಿನಲ್ಲಿ ಕೆರೆಯಂಗಳ ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂಬುದೇ ವಿವಾದದ ವಿಷಯ. ಗಡಿ ಸರ್ವೆ ಮಾಡಿ ಕಲ್ಲು ನೆಡಬೇಕೆಂದು ಊರಿನವರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಹೂಳು ತುಂಬಿದ ಕೆರೆಗೆ ಆಗುವ ನಷ್ಟವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಲೆಕ್ಕ ಹಾಕಬಹುದು. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಇಟ್ಟುಕೊಳ್ಳಿ. 2,651 ಹೆಕ್ಟೇರಿನ ತುಂಬಿದ ಕೆರೆಯಲ್ಲಿ ಅದು ದಿನಕ್ಕೆ 13 ಕೋಟಿ ಲೀಟರಿಗೂ ಹೆಚ್ಚಾಯಿತು. ತಲೆಗೆ ನೂರು ಲೀಟರಿನಂತೆ ಹದಿಮೂರು ಲಕ್ಷ ಜನರ ಒಂದು ದಿನದ ನೀರು. ಆವಿ ಮೇಲ್ಮೈಯ ವಿಸ್ತಾರವನ್ನು ನೋಡುತ್ತದೆ, ಆಳವನ್ನಲ್ಲ. ಹೂಳು ಬಂದು ಆಳ ಅರ್ಧವಾದರೂ ಆವಿಯ ಪಾಲು ಅರ್ಧವಾಗುವುದಿಲ್ಲ. ಉಳಿದ ಅರ್ಧ ನೀರಿನಿಂದಲೇ ಸೂರ್ಯ ತನ್ನ ಪೂರ್ತಿ ಕಂದಾಯ ವಸೂಲು ಮಾಡುತ್ತಾನೆ. ನಷ್ಟ ಗದ್ದೆಗೆ, ಮತ್ತು ಕೊಳವೆಯ ಇನ್ನೊಂದು ತುದಿಯ ಬಿಂದಿಗೆಗಳಿಗೆ.

ಸೂಳೆಕೆರೆಯಿಂದ ಚನ್ನಗಿರಿಯವರೆಗಿನ ರಸ್ತೆಯಲ್ಲಿ ಲಾರಿಗಳು ಹೆಚ್ಚು. ಈ ತುಂಡಿನಲ್ಲಿ ಮಾತ್ರ ಅಪ್ಪ ಮಗಳನ್ನು ಮುಂದೆ ಬಿಟ್ಟು ತಾವು ಹಿಂದೆ ಬಂದರು. ಚನ್ನಗಿರಿಯ ಬೆಟ್ಟದ ಮೇಲೆ ಕೋಟೆಯಿದೆ, ಒಳಗೆ ರಂಗನಾಥನ ಗುಡಿಯಿದೆ. ಊರಿನ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಎನ್ನುತ್ತಾರೆ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು 1689ರಲ್ಲಿ ಬಂದಾಗ ಆಶ್ರಯ ಕೊಟ್ಟವಳು ಈಕೆ. ಇದೇ ತಾಲ್ಲೂಕಿನ ಹೊದಿಗೆರೆಯಲ್ಲಿ ರಾಜಾರಾಮನ ಅಜ್ಜ ಶಹಾಜಿಯ ಸಮಾಧಿ ಇರುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಶಹಾಜಿ 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡ. ಅಜ್ಜ ಮಣ್ಣಾದ ಸೀಮೆಯ ಊರಿಗೆ ಮೊಮ್ಮಗನನ್ನು ಕಾಪಾಡಿದವಳ ಹೆಸರು. ಸಮಯವಿದ್ದವರು ಒಂದು ದಿನ ಹೆಚ್ಚು ಇಟ್ಟುಕೊಂಡು ಹೊದಿಗೆರೆಗೂ ಹೋಗಿಬರಬಹುದು.

ಚನ್ನಗಿರಿಯಲ್ಲಿ ರಾತ್ರಿ ಪ್ರವಾಸಿ ಮಂದಿರದಲ್ಲಿ. ಊರಿನವರು ಅದನ್ನು ಐ.ಬಿ. ಎಂದೇ ಕರೆಯುತ್ತಾರೆ. ಮೊದಲೇ ಕಾಗದ ಬರೆದು ಕೊಠಡಿ ಕೇಳಿದ್ದರಿಂದ ತೊಂದರೆಯಾಗಲಿಲ್ಲ. ಮೇಟಿ ಮಾತ್ರ ಸೈಕಲ್ಲುಗಳನ್ನು ನೋಡಿ, “ಕಾರು ಹಿಂದೆ ಬರ್ತೈತಾ ಸಾರ್?” ಎಂದು ಎರಡು ಸಲ ಕೇಳಿದ.

ರಾಜ್ಯದ ಹಳೆಯ ಪ್ರವಾಸಿ ಮಂದಿರಗಳ ವಿನ್ಯಾಸವೇ ಒಂದು ಪಾಠ. ಮಂಗಳೂರು ಹೆಂಚಿನ ಮಾಡು, ಎತ್ತರದ ಛಾವಣಿ, ಮೂರು ಕಡೆ ಅಗಲವಾದ ಜಗಲಿ, ಎದುರು ಬದುರು ಕಿಟಕಿ. ಬಿಸಿ ಗಾಳಿ ಹಗುರ, ಮೇಲೇರಿ ಹೆಂಚಿನ ಸಂದಿಯಿಂದ ಹೊರಹೋಗುತ್ತದೆ. ಜಗಲಿಯ ನೆರಳಿನಿಂದ ಗೋಡೆಗೆ ಬಿಸಿಲೇ ತಾಗುವುದಿಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಬಗೆಯ ಕಟ್ಟಡ ಎಲ್ಲೆಡೆ ಹರಡಿತು. ಈಗ ಅನೇಕ ಊರುಗಳಲ್ಲಿ ಇವನ್ನು ಕೆಡವಿ ಕಾಂಕ್ರೀಟಿನ ಚೌಕ ಪೆಟ್ಟಿಗೆ ಎಬ್ಬಿಸಿ, ಆ ಪೆಟ್ಟಿಗೆಯನ್ನು ತಂಪು ಮಾಡಲು ಎ.ಸಿ. ಯಂತ್ರ ತಗುಲಿಸುತ್ತಿದ್ದಾರೆ. ಇನ್ನೊಂದು ದೂರು: ಬಹಳ ಕಡೆ ಕೊಠಡಿಗಳು ಯಾರೋ ದೊಡ್ಡವರು ಬರಬಹುದೆಂದು ಬೀಗ ಹಾಕಿಕೊಂಡು ಕಾಯುತ್ತಿರುತ್ತವೆ. ಬಾಗಿಲಲ್ಲಿ ಪ್ರವಾಸಿ ಮಂದಿರ ಎಂದು ಬರೆದ ಮೇಲೆ ಪ್ರವಾಸಿಗೆ ಮೊದಲ ಹಕ್ಕು ಇರಬೇಡವೆ? ವಿದ್ಯಾರ್ಥಿ ಸೈಕಲ್ ಸವಾರರಿಗೆಂದು ತಾಲ್ಲೂಕಿಗೆ ಎರಡು ಕೊಠಡಿ ಕಾದಿರಿಸಿದರೆ, ಲೋಯ್ರ್ ನದಿಯ ದಂಡೆಗೆ ಹೋಗಲಾರದ ಎಷ್ಟೋ ಮಕ್ಕಳು ಹರಿದ್ರೆಯ ದಂಡೆಯನ್ನಾದರೂ ನೋಡಿಯಾರು.

ಮೂರನೆಯ ದಿನ ದೀರ್ಘ. ಮತ್ತೆ ಉತ್ತರಕ್ಕೆ ಬಂದು, ಬಸವಾಪಟ್ಟಣದ ಮೇಲೆ ಹಾದು ಹೊನ್ನಾಳಿಗೆ, ಐವತ್ತು ಕಿಲೋಮೀಟರಿನಷ್ಟು. ಬಸವಾಪಟ್ಟಣದ ಕೋಟೆ ಸಂತೇಬೆನ್ನೂರಿನ ನಾಯಕರ ಹಿಂದಿನ ನೆಲೆ. ಇದೇ ಮನೆತನ ಕೊನೆಗೆ ತರೀಕೆರೆಗೆ ಹೋಗಿ ನೆಲೆಸಿತು. ಡಿಸೆಂಬರಿನ ಮೂಡಣ ಗಾಳಿ ಬೆನ್ನಿಗೆ ಇದ್ದುದರಿಂದ ಪಶ್ಚಿಮದ ಈ ಹಾದಿ ಹಗುರವಾಯಿತು. ಮಧ್ಯಾಹ್ನದ ಹೊತ್ತಿಗೆ ಮಗಳ ಸೈಕಲ್ಲಿನ ಹಿಂದಿನ ಟ್ಯೂಬಿಗೆ ಜಾಲಿಮುಳ್ಳು ಚುಚ್ಚಿತು. ಹತ್ತಿರದ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಈಗ ಬೈಕು, ಟ್ರ್ಯಾಕ್ಟರಿನದೇ ಕೆಲಸ. ಸೈಕಲ್ ಟ್ಯೂಬಿಗೆ ತೇಪೆ ಹಾಕಿ ಬಹಳ ವರ್ಷವಾಯಿತೆಂದು ಅಂಗಡಿಯಾತ ನಕ್ಕ. ಸೊಲ್ಯೂಷನ್, ತೇಪೆ, ಉಪ್ಪುಕಾಗದ ಎಲ್ಲವೂ ಹುಡುಗಿಯ ಚೀಲದಲ್ಲಿದ್ದುವು. ಬೋಗುಣಿಯ ನೀರಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕಿ ಅವಳೇ ತೇಪೆ ಹಾಕಿದಳು. ಅಂಗಡಿಯಾತ ಗಾಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊನ್ನಾಳಿಯಲ್ಲಿ ತುಂಗಭದ್ರೆ ಎದುರಾಗುತ್ತಾಳೆ. ಮೇಲೆ ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿ ಒಂದಾಗಿ ಬಂದ ಹೊಳೆ. ಹಿರೇಕಲ್ಮಠ, ರಾಘವೇಂದ್ರ ಮಠಗಳಿರುವ ಈ ಊರಿಗೆ ಯಾತ್ರಿಕರು ಹೊಸಬರಲ್ಲ. ಇವರು ಲಾಡ್ಜಿನಲ್ಲಿ ತಂಗಿದರು. ಒಂದು ದಿನ ಹೆಚ್ಚು ಇರುವವರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯ ಕಡೆ ತಿರುಗಿ, ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರದ ಬತ್ತದ ಚಿಲುಮೆಯನ್ನು ನೋಡಬಹುದು. ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆನ್ನುವ ಸೂರಗೊಂಡನಕೊಪ್ಪವೂ ಅದೇ ತಾಲ್ಲೂಕಿನಲ್ಲಿದೆ.

ಹೊನ್ನಾಳಿಯಿಂದ ಹರಿಹರಕ್ಕೆ ಮಲೇಬೆನ್ನೂರಿನ ಮೇಲೆ ಸುಮಾರು ನಲವತ್ತು ಕಿಲೋಮೀಟರ್, ಬಹುಪಾಲು ಸಮತಟ್ಟು. ಮೂರು ದಿನ ತುಳಿದ ಕಾಲುಗಳಿಗೆ ಇದು ಏನೂ ಅನ್ನಿಸುವುದಿಲ್ಲ. ಹರಿಹರದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ನೋಡಲೇಬೇಕಾದದ್ದು ಅದು. ಆದರೆ ಅಪ್ಪ ಮಗಳು ಗುಡಿ ನೋಡಿದ ಮೇಲೆ ಇನ್ನೊಂದು ಜಾಗಕ್ಕೂ ಹೋದರು. ಸೂಳೆಕೆರೆಯ ಏರಿಯ ಕೆಳಗೆ ಸಣ್ಣಗೆ ಹರಿಯುತ್ತಿದ್ದ ಹರಿದ್ರಾ ಹೊಳೆ ತುಂಗಭದ್ರೆಯನ್ನು ಸೇರುವುದು ಇಲ್ಲೇ. ದೊಡ್ಡ ಹೊಳೆಯ ಪಕ್ಕದಲ್ಲಿ ಅದು ನಾಚಿಕೊಂಡಂತೆ ಬಂದು ಸೇರುತ್ತದೆ. ಹುಡುಕದೆ ಹೋದವರಿಗೆ ಕಾಣುವುದೂ ಇಲ್ಲ. “ಮೊನ್ನೆ ನೋಡಿದ ನೀರೇ ಇದು” ಎಂದು ಮಗಳು ಫೋನಿನಲ್ಲಿ ತಾಯಿಗೆ ವರದಿ ಒಪ್ಪಿಸಿದಳು. “ಸರಿ, ಊಟ ಆಯ್ತಾ?” ಎಂದಿತು ಆ ಕಡೆಯ ದನಿ. ಆಮೇಲೆ ಹುಡುಗಿ ಮೆಲ್ಲಗೆ ಗೆಳತಿಯರ ವಿಷಯ ತೆಗೆದಳು. ಈಗ ದಾರಿ ಗೊತ್ತಾಯಿತಲ್ಲ, ಬೇಸಿಗೆ ರಜೆಗೆ ಮೊದಲೇ ನಾಲ್ವರೂ ಹೋಗಿಬರುವುದೆಂದಳು. ತಾಯಿ ಅಪ್ಪನಿಗೆ ಫೋನು ಕೊಡಲು ಹೇಳಿದರು. ಅಪ್ಪ, “ಸೂಳೆಕೆರೆ ತನಕ ಪರವಾಗಿಲ್ಲ. ಅಲ್ಲಿಂದ ಮುಂದೆ ಲಾರಿ ಜಾಸ್ತಿ” ಎಂದರು. ಅಷ್ಟರಮಟ್ಟಿಗೆ ಒಪ್ಪಿಗೆ ಸಿಕ್ಕಿದೆ.

ಹೋಗಬಯಸುವವರಿಗೆ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಮಾರ್ಚಿನ ಮೇಲೆ ಬಿಸಿಲು, ಜೂನಿನ ಮೇಲೆ ಎದುರುಗಾಳಿ. ಬೆಳಗಿನ ಆರೂವರೆಗೆ ಹೊರಟು ಹನ್ನೊಂದರೊಳಗೆ ದಿನದ ಬಹುಪಾಲು ದೂರ ಮುಗಿಸಬೇಕು. ತಲೆಗೊಂದು ಪಂಕ್ಚರ್ ಸಾಮಾನು, ಒಂದು ಪಂಪು, ಹಿಂದೆ ಕೆಂಪು ದೀಪ, ಎರಡು ಲೀಟರ್ ನೀರು. ಪ್ರವಾಸಿ ಮಂದಿರದ ಕೊಠಡಿಗೆ ಆಯಾ ತಾಲ್ಲೂಕಿನ ಲೋಕೋಪಯೋಗಿ ಇಲಾಖೆಯ ಕಚೇರಿಗೆ ಹದಿನೈದು ದಿನ ಮೊದಲೇ ಬರೆಯುವುದು ವಾಸಿ. ಸಿಗದಿದ್ದರೆ ತಾಲ್ಲೂಕು ಕೇಂದ್ರದ ಲಾಡ್ಜುಗಳಿವೆ. ಸೂಳೆಕೆರೆಯಲ್ಲಿ ನೀರಿಗಿಳಿಯಬಾರದು, ತೂಬಿನ ಬಳಿ ಸುಳಿಯಬಾರದು. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್. ಹೆದ್ದಾರಿಯ ಭರಾಟೆ ಬೇಡವೆನ್ನುವವರು ಸೈಕಲ್ಲನ್ನು ರೈಲಿನ ಲಗೇಜು ಬೋಗಿಗೆ ಬುಕ್ ಮಾಡಿ ಕುಳಿತು ಬರಬಹುದು. ಅಪ್ಪ ಮಗಳು ತುಳಿದೇ ಬಂದರು.